ಹಸುವಿನ ಬೆನ್ನ ಮೇಲಿನ ಹಿಮ

ಓದುಗರ ಪ್ರಶ್ನೆ, ತೋಟದ ಮನೆಯ ಉತ್ತರ

ಈ ಸಲದ ಪತ್ರಗಳ ತುಂಬ ಚಳಿಯದ್ದೇ ಮಾತು. ಶಿರಸಿ–ಸಿದ್ದಾಪುರ ನಡುವಿನ ನಮ್ಮ ಹಳ್ಳಿಯಲ್ಲಿ ಈಗ ಅಡಿಕೆಯ ಕೊನೆಕೊಯ್ಲು, ಅಂದರೆ ಗೊನೆ ಇಳಿಸುವ ಕೆಲಸ, ಜೋರು. ಹಗಲು ಪೆನ್ನು ಹಿಡಿಯಲು ಪುರುಸೊತ್ತಿಲ್ಲ. ರಾತ್ರಿ ಅಡಿಕೆ ಸುಲಿಯುವವರು ಎದ್ದು ಹೋದಮೇಲೆ ಮೆಟ್ಟುಗತ್ತಿ ಬದಿಗಿಟ್ಟು ಬರೆದ ಉತ್ತರಗಳಿವು. ಕಾಗದಕ್ಕೆ ಅಡಿಕೆ ಕಲೆ ತಾಗಿದ್ದರೆ ಸಂಪಾದಕರು ಬೇಜಾರು ಮಾಡಿಕೊಳ್ಳಬಾರದು.

ಅಕ್ಕಾ, ಮಗಳನ್ನು ಹಿಮಾಚಲದ ಕುಲ್ಲು ಕಡೆಗೆ ಕೊಟ್ಟಿದ್ದೇವೆ. ಅವರದ್ದು ಸಣ್ಣ ಸೇಬಿನ ತೋಟ, ಎರಡು ಹಸು. ಮೊನ್ನೆ ವಿಡಿಯೋ ಕಳಿಸಿದ್ದಳು. ಮೊಣಕಾಲುದ್ದ ಹಿಮ, ಇವಳು ಸಲಿಕೆ ಹಿಡಿದು ಕೊಟ್ಟಿಗೆಗೆ ದಾರಿ ಮಾಡುತ್ತಿದ್ದಾಳೆ. ಮನೆಯವರೆಲ್ಲ ಖುಷಿಯಲ್ಲಿ ನಗುತ್ತಿದ್ದಾರೆ. ನನಗೆ ನಿದ್ದೆ ಹತ್ತುತ್ತಿಲ್ಲ. ಕಾರವಾರದಲ್ಲಿ ಫ್ಯಾನ್ ಇಲ್ಲದೆ ಮಲಗಿದವಳಲ್ಲ ಅವಳು. ಆ ಚಳಿಯಲ್ಲಿ ದನ ಹೇಗೆ ಬದುಕುತ್ತವೆ? ಹಿಮ ಬಿದ್ದರೆ ಅವರಿಗೆ ಖುಷಿ ಯಾಕೆ?
— ಕಾರವಾರದ ಒಬ್ಬ ತಾಯಿ

ಮೊದಲು ನೀವು ಹೊಟ್ಟೆ ತುಂಬ ಉಂಡು ಮಲಗಿ. ಮಗಳು ಸಲಿಕೆ ಹಿಡಿದಿದ್ದಾಳೆ ಅಂದರೆ ಮೈ ಬೆಚ್ಚಗಿದೆ. ಚಳಿ ಹಿಡಿಯೋದು ಕೂತವರಿಗೆ.

ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನಮ್ಮ ಭಾವನ ಮಗ ಆ ಕಣಿವೆಯಲ್ಲಿ ಕೆಲಸಕ್ಕಿದ್ದಾಗ ಒಂದು ಜನವರಿಯಲ್ಲಿ ಹೋಗಿದ್ದೆ. ಅವನು ಬಾಡಿಗೆಗಿದ್ದದ್ದು ಸಣ್ಣ ರೈತರೊಬ್ಬರ ಮನೆಯಲ್ಲಿ. ಹಳೇ ಕಾಲದ ಮನೆ. ಗೋಡೆಗೆ ಒಂದು ಸಾಲು ಕಲ್ಲು, ಒಂದು ಸಾಲು ದೇವದಾರು ಮರ. ಕಾಠ್‌ಕುಣಿ ಮನೆ ಅನ್ನುತ್ತಾರೆ. ಕೆಳಗಿನ ಅಂತಸ್ತು ಪೂರ್ತಿ ದನಕ್ಕೆ, ಜನ ಇರೋದು ಮೇಲೆ. ನಮ್ಮಲ್ಲಿ ಕೊಟ್ಟಿಗೆ ಮನೆಯ ಬದಿಗೋ ಹಿಂದಕ್ಕೋ ಇರುತ್ತದೆ, ಅಲ್ವಾ? ಅಲ್ಲಿ ಕಾಲ ಕೆಳಗೇ. ದನದ ಮೈಬಿಸಿ ಹಲಗೆ ಸಂದಿಯಿಂದ ಮೇಲೆ ಬರುತ್ತದೆ. ವಾಸನೆಯೂ ಬರುತ್ತದೆ ಅನ್ನಿ. ದನ ಸಾಕಿದವರಿಗೆ ಅದೇನು ಹೊಸದಲ್ಲ.

ರಾತ್ರಿಯೆಲ್ಲ ಹಿಮ ಬಿದ್ದಿತ್ತು. ಬೆಳಗ್ಗೆ ಆ ಮನೆಯ ಅಜ್ಜಿ ಪಟ್ಟು ಸುತ್ತಿಕೊಂಡು ಹೊರಗೆ ಬಂದರು. ಪಟ್ಟು ಅಂದರೆ ಹೆಗಲ ಹತ್ತಿರ ಪಿನ್ನು ಚುಚ್ಚಿ ಉಡುವ ದಪ್ಪ ಉಣ್ಣೆ ಬಟ್ಟೆ. ಅವರು ಮೊದಲು ಕೈಗೆತ್ತಿಕೊಂಡದ್ದು ಪೊರಕೆ. ಹೊಸ ಹಿಮ ಹಗುರ, ಮೆಟ್ಟಿಲ ಮೇಲಿಂದ ಪೊರಕೆಗೇ ಹೋಗುತ್ತದೆ. ಜನ ಓಡಾಡಿ ತುಳಿದರೆ ಗಡ್ಡೆ ಕಟ್ಟಿ ಕೂರುತ್ತದೆ. ಆಮೇಲೆ ಸಲಿಕೆಗೂ ಜಗ್ಗುವುದಿಲ್ಲ. ಅದಕ್ಕೇ ಟೀಗೆ ಮೊದಲೇ ಗುಡಿಸುವ ಗಡಿಬಿಡಿ. ಮಗ ತೋಟಕ್ಕೆ ಹೋಗಿ ಉದ್ದ ಕೋಲಿನಿಂದ ಸೇಬಿನ ಕೊಂಬೆಗಳನ್ನು ಕೆಳಗಿಂದ ಮೇಲಕ್ಕೆ ಮೆಲ್ಲಗೆ ಎತ್ತಿ ಕೊಡವುತ್ತಿದ್ದ. ಮೇಲಿನಿಂದ ಹೊಡೆದರೆ ಭಾರ ಹೊತ್ತ ಕೊಂಬೆ ಮುರಿಯುತ್ತದಂತೆ. ಸೊಸೆ ತಂದೂರಿನ ಮೇಲಿದ್ದ ಬಿಸಿನೀರನ್ನು ತಣ್ಣೀರಿಗೆ ಬೆರೆಸಿ ಬಕೆಟ್ಟಿನಲ್ಲಿ ದನಕ್ಕೆ ಒಯ್ದಳು. ತಂದೂರು ಅಂದರೆ ಹೋಟೆಲಿನ ರೊಟ್ಟಿ ಒಲೆ ಅಂದುಕೊಳ್ಳಬೇಡಿ. ಅಲ್ಲಿ ಕೋಣೆಯಲ್ಲಿಡುವ ಕಬ್ಬಿಣದ ಸೌದೆ ಒಲೆಗೂ ಅದೇ ಹೆಸರು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ನೀರು ಕೊರೆಯುತ್ತಿದ್ದರೆ ಹಸು ಕಡಿಮೆ ಕುಡಿಯುತ್ತದೆ, ಹಾಲೂ ಇಳಿಯುತ್ತದೆ. ಹಾಗಾಗಿ ಬೆಚ್ಚಗಿನ ನೀರು.

ಮಧ್ಯಾಹ್ನ ಹಸುವನ್ನು ಸ್ವಲ್ಪ ಹೊತ್ತು ಅಂಗಳಕ್ಕೆ ಬಿಟ್ಟರು. ಮತ್ತೆ ಹಿಮ ಉದುರಲು ಶುರುವಾಯಿತು. ಅದರ ಬೆನ್ನ ಮೇಲೆ ಕೂತ ಹಿಮ ಕರಗಲೇ ಇಲ್ಲ. ನನ್ನ ಕರುಳು ಚುರುಕ್ ಅಂದಿತು. ಅಜ್ಜಿ ನಕ್ಕು, ನನ್ನ ಕೈ ಹಿಡಿದು ಹಸುವಿನ ರೋಮದೊಳಗೆ ತೂರಿಸಿದರು. ಮೇಲೆ ಹಿಮ, ಬುಡದಲ್ಲಿ ಮಾತ್ರ ಒಣ ಒಣ, ಬಿಸಿ ಬಿಸಿ. ಮೈಯ ಕಾವು ಹೊರಗೆ ಸೋರುತ್ತಿಲ್ಲ, ಅದಕ್ಕೇ ಹಿಮ ಕರಗುತ್ತಿಲ್ಲ. ಕರಗಿ ನೀರು ಚರ್ಮಕ್ಕೆ ಇಳಿಯುತ್ತಿದ್ದರೆ ಆಗ ಚಿಂತೆ ಮಾಡಬೇಕು.

ಇದಕ್ಕೆ ಲೆಕ್ಕವೂ ಇದೆ. ಚಳಿ ಸೀಮೆಯ ಹಸುವಿಗೆ ಚಳಿಗಾಲದ ದಪ್ಪ ರೋಮ ಬಂದು, ಅದು ಒಣಗಿದ್ದರೆ, ಸೊನ್ನೆ ಡಿಗ್ರಿಯಲ್ಲೂ ಅದು ಆರಾಮ. ಅದೇ ರೋಮ ತೊಯ್ದರೆ 15 ಡಿಗ್ರಿಗೇ ಚಳಿ ತಟ್ಟುತ್ತದೆ. ರೋಮದ ನಡುವಿನ ಗಾಳಿ ಹೋಯಿತು, ಕಾವು ಹಿಡಿದಿಡುವುದೂ ಹೋಯಿತು. 15 ಡಿಗ್ರಿ ಅಂದರೆ ಶಿರಸಿಯಲ್ಲಿ ಡಿಸೆಂಬರಿನ ಮಾಮೂಲಿ ಬೆಳಗು. ಹಾಗೆ ನೋಡಿದರೆ, ಹಿಮದಲ್ಲಿ ಒಣ ಮೈಯಲ್ಲಿ ನಿಂತ ನಿಮ್ಮ ಮಗಳ ಹಸುವಿಗಿಂತ ಗಂಜಲದಲ್ಲಿ ತೊಯ್ದು ಮಲಗಿದ ನಮ್ಮೂರ ಹಸುವೇ ಪಾಪದ್ದು. ಚಳಿಗಾಲದ ಬೆಳಗ್ಗೆ ತಣ್ಣೀರಲ್ಲಿ ದನ ಮೀಯಿಸುವವರು ಇದನ್ನು ಎರಡು ಸಲ ಓದಿ.

ಅವರು ದನದ ಕಾಲಡಿಗೆ ಒಣಗಿದ ಪೈನ್ ಎಲೆ ದಪ್ಪಗೆ ಹಾಸುತ್ತಾರೆ. ನಾವು ಬೆಟ್ಟದಿಂದ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುತ್ತೇವಲ್ಲ, ಅದೇ ಕೆಲಸ. ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು-ದರಕು ತರುವ ಕಾಡು, ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದ ವ್ಯವಸ್ಥೆ. ಹಸುವಿನ ಹಾಸಿಗೆ, ಆಮೇಲೆ ತೋಟದ ಗೊಬ್ಬರ, ಎರಡೂ ಅದರಿಂದಲೇ. ಇನ್ನು ಮೇವು. ಒಣಹುಲ್ಲು ಹಸುವಿನ ಹೊಟ್ಟೆಯಲ್ಲಿ ಹುಳಿತು ಕರಗುವಾಗ ಕಾವು ಹುಟ್ಟುತ್ತದೆ. ಅದಕ್ಕೇ ಚಳಿ ಜಾಸ್ತಿ ಇದ್ದ ಸಂಜೆ ಅವರು ಒಂದು ಹೊರೆ ಹುಲ್ಲು ಹೆಚ್ಚೇ ಹಾಕುತ್ತಾರೆ. ಆ ಹುಲ್ಲನ್ನು ಮಳೆಗಾಲ ಮುಗಿಯುತ್ತಿದ್ದಂತೆ ಕೊಯ್ದು ಒಣಗಿಸಿ ಅಟ್ಟಕ್ಕೇರಿಸಿರುತ್ತಾರೆ. ಕೆಲವರು ಮರದ ಕವಲಿನಲ್ಲೂ ಬಣವೆ ಒಟ್ಟುತ್ತಾರೆ, ನೋಡಲು ಚೆಂದ.

ಖುಷಿ ಯಾಕೆ ಅಂತ ಕೇಳಿದ್ದೀರಿ. ಡೆಲಿಶಿಯಸ್ ಜಾತಿಯ ಸೇಬಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ತಂಪಿನಲ್ಲಿ ಸಾವಿರ ಗಂಟೆಗೂ ಜಾಸ್ತಿ ಹೊತ್ತು ನಿದ್ದೆ ಬೇಕು. ಅಷ್ಟು ಸಿಗದಿದ್ದರೆ ವಸಂತದಲ್ಲಿ ಹೂವು ಸರಿಯಾಗಿ ಬರುವುದಿಲ್ಲ. ಮತ್ತೆ ನೀರು. ಹತ್ತು ಸೆಂಟಿಮೀಟರ್ ಹೊಸ ಹಿಮ ಕರಗಿದರೆ ಸುಮಾರು ಒಂದು ಸೆಂಟಿಮೀಟರ್ ನೀರು, ಉಳಿದದ್ದೆಲ್ಲ ಗಾಳಿ. ಆದರೆ ಅದು ನಮ್ಮ ಜುಲೈ ಮಳೆಯ ಹಾಗೆ ದಡಬಡ ಹರಿದು ಹಳ್ಳ ಸೇರುವುದಿಲ್ಲ. ದಿನಾ ಇಷ್ಟಿಷ್ಟು ಕರಗಿ ಬೇರಿಗೆ ಇಳಿಯುತ್ತದೆ. ಒಳಗೆ ಗಾಳಿ ಇರುವುದರಿಂದ ನೆಲಕ್ಕೆ ಕಂಬಳಿ ಹೊದೆಸಿದಂತೆಯೂ ಆಗುತ್ತದೆ. ಹಿಮವಿಲ್ಲದ ಒಣ ಚಳಿಗೇ ಅಲ್ಲಿನ ರೈತರು ಹೆದರೋದು. ನಿಮ್ಮ ಬೀಗರು ನಗುತ್ತಿದ್ದರೆ ಅದು ಬರುವ ವರ್ಷದ ಬೆಳೆ ನೆನೆದು ನಗು.

ನೀವು ತಾಯಿಯಾಗಿ ಹೇಳಬೇಕಾದ ಮಾತು ಒಂದಿದೆ. ಇದ್ದಿಲ ಅಂಗೀಠಿಯನ್ನು, ಅಂದರೆ ಅಗ್ಗಿಷ್ಟಿಕೆಯನ್ನು, ಬಾಗಿಲು ಮುಚ್ಚಿದ ಕೋಣೆಯಲ್ಲಿಟ್ಟುಕೊಂಡು ಮಲಗಬಾರದು. ಅದರ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಕೊಳವೆ ಇರುವ ಒಲೆಯಾದರೂ ಮಲಗುವ ಮೊದಲು ಕೊಳವೆ ಕಟ್ಟಿಲ್ಲ ಅಂತ ನೋಡಿಕೊಳ್ಳಲಿ. ಇದನ್ನು ಮಾತ್ರ ಫೋನಿನಲ್ಲಿ ಬಿಡದೆ ಹೇಳಿ.

ಏನಾದರೂ ಕಳಿಸುವುದಿದ್ದರೆ ಸ್ವೆಟರ್ ಬೇಡ, ಅಲ್ಲಿ ನಮಗಿಂತ ಒಳ್ಳೆಯದು ಸಿಗುತ್ತದೆ. ಮುರುಗಲ ಬೀಜದಿಂದ ತೆಗೆಯುವ ಮುರುಗಲ ತುಪ್ಪ ಕಳಿಸಿ. ಅಲ್ಲಿಯ ಒಣ ಗಾಳಿಗೆ ಹಿಮ್ಮಡಿ, ತುಟಿ ಬಿರಿದು ರಕ್ತ ಬರುತ್ತದೆ. ರಾತ್ರಿ ಬೆಂಕಿ ಹತ್ತಿರ ಸ್ವಲ್ಪ ಬಿಸಿ ಮಾಡಿ ಹಚ್ಚಿಕೊಂಡು ಕಾಲುಚೀಲ ಹಾಕಿ ಮಲಗಲಿ. ನಾನು ಒಯ್ದಿದ್ದ ಉಂಡೆಯನ್ನು ಆ ಅಜ್ಜಿ ವಾಪಸ್ ಕೊಡಲೇ ಇಲ್ಲ.

ಬೆಳಗ್ಗೆ ಶಾಲೆಗೆ ಹೋಗುವಾಗ ಅಡಿಕೆ ತೋಟ ಕಾಣಲೇ ಇಲ್ಲ, ಎಲ್ಲ ಬೆಳ್ಳಗೆ. ಇಷ್ಟು ಚಳಿ ಇದ್ದರೂ ಶಿರಸಿಯಲ್ಲಿ ಹಿಮ ಯಾಕೆ ಬೀಳುವುದಿಲ್ಲ?
— ಏಳನೇ ತರಗತಿ ಹುಡುಗ, ಶಿರಸಿ ತಾಲೂಕು

ನೀನು ಕಂಡಿದ್ದು ಮಂಜು. ಅದು ನೆಲಕ್ಕಿಳಿದ ಮೋಡ ಪುಟ್ಟಾ, ನೀರಿನ ಸಣ್ಣ ಸಣ್ಣ ಹನಿ. ಹಿಮ ಬೀಳಬೇಕಾದರೆ ಮೋಡದಿಂದ ನೆಲದವರೆಗೂ ಸೊನ್ನೆ ಡಿಗ್ರಿ ಆಸುಪಾಸು ಇರಬೇಕು. ಮೇಲೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ. ಶಿರಸಿ ಇರೋದು ಸಮುದ್ರದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ನಮ್ಮ ತಲೆ ಮೇಲೆ ಸೊನ್ನೆ ಡಿಗ್ರಿ ಸಿಗಬೇಕಾದರೆ ಇನ್ನೂ ನಾಲ್ಕೈದು ಕಿಲೋಮೀಟರ್ ಏರಬೇಕು. ಅಷ್ಟು ಎತ್ತರದ ಗುಡ್ಡ ನಮ್ಮಲ್ಲಿಲ್ಲ. ಹಿಮ ಬೀಳುವ ಹಿಮಾಚಲದ ಮನಾಲಿ ಊರು ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಉತ್ತರಕ್ಕೂ ಬಹಳ ದೂರ. ಅಲ್ಲದೆ ನಮಗೆ ಚಳಿಗಾಲದಲ್ಲಿ ಮೋಡವೇ ಕಮ್ಮಿ. ಅಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಪಶ್ಚಿಮದಿಂದ, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ, ಮಳೆ-ಹಿಮ ಹೊತ್ತ ಗಾಳಿ ಬರುತ್ತದೆ.

ತೋಟದಲ್ಲೇ ಯಾಕೆ ಜಾಸ್ತಿ ಮಂಜು? ಮೋಡವಿಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತದೆ. ತಣ್ಣಗಾದ ಗಾಳಿ ಭಾರ. ಗುಡ್ಡದಿಂದ ಜಾರಿ ಕಣಿವೆಗೆ ಇಳಿಯುತ್ತದೆ. ನಮ್ಮ ತೋಟಗಳೆಲ್ಲ ಇರೋದು ಕಣಿವೆಯಲ್ಲೇ, ಪಕ್ಕದಲ್ಲಿ ಹಳ್ಳ ಬೇರೆ. ಇವತ್ತು ರಾತ್ರಿ ಒಂದು ಸ್ಟೀಲ್ ತಟ್ಟೆಯನ್ನು ಅಂಗಳದ ನಡುವೆ, ಇನ್ನೊಂದನ್ನು ಮಾವಿನ ಮರದ ಕೆಳಗೆ ಇಡು. ಬೆಳಗ್ಗೆ ಯಾವುದು ಜಾಸ್ತಿ ಒದ್ದೆಯಾಗಿದೆ, ಯಾಕೆ ಅಂತ ಮೇಷ್ಟ್ರಿಗೆ ಹೇಳು.

ಈ ವರ್ಷ ಗೋಟಡಿಕೆ, ಅಂದರೆ ಹಣ್ಣಾದ ಅಡಿಕೆ, ಬಿಸಿಲಿಗೆ ಒಣಗಿಸಿ ಚಾಲಿ ಮಾಡುತ್ತಿದ್ದೇವೆ. ಇಬ್ಬನಿಗೆ ದಿನಾ ಸಂಜೆ ಪ್ಲಾಸ್ಟಿಕ್ ಮುಚ್ಚುತ್ತೇವೆ. ಆದರೂ ಬೂಸ್ಟು ಬರುತ್ತಿದೆ. ಹಿರಿಯರ ಕಾಲದಲ್ಲಿ ಪ್ಲಾಸ್ಟಿಕ್ಕೇ ಇರಲಿಲ್ಲ, ಬೂಸ್ಟೂ ಇರಲಿಲ್ಲ ಅಂತ ಅತ್ತೆ ದಿನಾ ಹಂಗಿಸುತ್ತಾರೆ.
— ಯಲ್ಲಾಪುರದ ಸೊಸೆ

ಅತ್ತೆಯ ಮಾತಿನಲ್ಲಿ ಅರ್ಧ ನಿಜ ಇದೆ. ಬೂಸ್ಟು ಆಗಲೂ ಇತ್ತು, ಆದರೆ ತೊಂದರೆ ಪ್ಲಾಸ್ಟಿಕ್ಕಿನದ್ದೂ ಹೌದು. ಅಡಿಕೆ ಹಗಲಿಡೀ ಕಾದಿರುತ್ತದೆ. ನೀವು ಹರವಿದ ಅಡಿಕೆ ಮೇಲೇ ಹಾಳೆ ಎಳೆದರೆ ಒಳಗಿನ ತೇವ ಆವಿಯಾಗಿ ಮೇಲೆದ್ದು ಪ್ಲಾಸ್ಟಿಕ್ಕಿಗೆ ತಾಗಿ ಹನಿಯಾಗುತ್ತದೆ, ರಾತ್ರಿಯೆಲ್ಲ ಅಡಿಕೆ ಮೇಲೆ ತೊಟ್ಟಿಕ್ಕುತ್ತದೆ. ಹೊರಗಿನ ಇಬ್ಬನಿ ತಡೆದಿರಿ, ಒಳಗೇ ಇನ್ನೊಂದು ಇಬ್ಬನಿ ಮಾಡಿಕೊಂಡಿರಿ.

ಬಿಸಿಲು ಇಳಿಯುವ ಮೊದಲೇ ಅಡಿಕೆ ಎಳೆದು ಗುಪ್ಪೆ ಮಾಡಿ. ಕಾವು ಆರಲು ಸ್ವಲ್ಪ ಹೊತ್ತು ಬಿಡಿ. ಮೇಲೆ ಗೋಣಿಚೀಲ ಹಾಕಿ, ಅದರ ಮೇಲೆ ತಾಡಪತ್ರಿ. ಗೋಣಿ ತೇವ ಹೀರುತ್ತದೆ. ಆ ಗೋಣಿಯನ್ನೂ ಮರುದಿನ ಬಿಸಿಲಿಗೆ ಹಾಕಿ, ಮರೆತರೆ ಅದೇ ಬೂಸ್ಟಿನ ಬೀಜ. ಬೆಳಗ್ಗೆ ಗಡಿಬಿಡಿಯಲ್ಲಿ ಬಿಚ್ಚಬೇಡಿ. ಸೂರ್ಯ ಮೇಲೆ ಬಂದು ಅಂಗಳದ ನೆಲ ಕೈಗೆ ಒಣಗಿದಂತೆ ಅನ್ನಿಸಿದ ಮೇಲೆ ಹರವಿ. ಒಂದೇ ಪದರ ಇರಲಿ, ನಡುನಡುವೆ ಕಾಲಾಡಿಸಿ. ಜಾಗ ಇಲ್ಲ ಅಂತ ದಪ್ಪಗೆ ಹಾಕಿದರೆ ಅಡಿಯದ್ದು ಹಸಿಯೇ ಉಳಿಯುತ್ತದೆ. ಅಡಿಕೆ ಒಣಗಿಸುವ ಅಟ್ಟ ಇದ್ದರೆ ಅಡಿಯಿಂದಲೂ ಗಾಳಿ ಆಡುತ್ತದೆ, ಮಣ್ಣಿನ ತೇವವೂ ತಾಗುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ಪಾಲಿಹೌಸ್ ಮಾಡಿಸಬಹುದು. ಅದಕ್ಕೂ ಮೇಲ್ಗಡೆ ಗಾಳಿಗಂಡಿ ಇಲ್ಲದಿದ್ದರೆ ಇದೇ ಕತೆ.

ಚಾಲಿಗೆ ಒಳ್ಳೆಯ ಬಿಸಿಲಿನಲ್ಲಿ ಒಂದೂವರೆ ತಿಂಗಳವರೆಗೂ ಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಸಿಪ್ಪೆಯೊಳಗೆ ತಿರುಳು ಗಡಗಡ ಅಂದರೆ ಬಿಟ್ಟುಕೊಂಡಿದೆ ಅಂತ ಅರ್ಥ. ಆದರೂ ಮೂಟೆ ಕಟ್ಟುವ ಮೊದಲು ನಾಲ್ಕಾರು ಒಡೆದು ನೋಡಿ. ನಮ್ಮ ಸಿರ್ಸಿ ಸುಪಾರಿಗೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಇಂಥ ಊರಿನದ್ದೇ ಬೆಳೆ ಎಂಬ ಭೌಗೋಳಿಕ ಗುರುತು, ಸಿಕ್ಕಿದೆ, ನಿಜ. ಹಾಗಂತ ವಕಾರಿಯಲ್ಲಿ, ಅಂದರೆ ಅಡಿಕೆ ಮಂಡಿಯಲ್ಲಿ, ಬೂಸ್ಟು ಹಿಡಿದದ್ದಕ್ಕೆ ಯಾರೂ ದರ ಏರಿಸುವುದಿಲ್ಲ.

ಅತ್ತೆಯ ಹತ್ತಿರ ಒಂದು ಕೆಲಸ ವಹಿಸಿ: ಸಂಜೆ ಬಿಸಿಲು ಇಳಿಯುವುದನ್ನು ನೋಡಿ ಕೂಗು ಹಾಕುವುದು. ಹಂಗಿಸಲು ಪುರುಸೊತ್ತು ಸಿಗಲ್ಲ.

ಬಾಟಲಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿದೆ. ಗಾಣದವರು ಕಲಬೆರಕೆ ಮಾಡಿದ್ದಾರಾ?
— ಗೋಕರ್ಣ

ಇಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ರಾತ್ರಿ ಕರಾವಳಿಯಲ್ಲೂ ಅದಕ್ಕಿಂತ ತಂಪು. ಚಳಿಯಲ್ಲೂ ಗಟ್ಟಿಯಾಗದ ಎಣ್ಣೆ ಸಿಕ್ಕರೆ ಆಗ ಗಾಣದವರ ಹತ್ತಿರ ಜಗಳ ಆಡಿ. ಬಾಟಲಿಯನ್ನು ಬಚ್ಚಲ ಒಲೆಯ ದಂಡೆ ಮೇಲೆ ಸ್ವಲ್ಪ ದೂರದಲ್ಲಿಡಿ, ಸಾಕು.

ಮನೆ ಹಿಂದೆ ಎರಡು ಕರಿ ಇಶಾಡ ಮಾವಿನ ಮರ ಇವೆ. ಹೂವು ಚೆನ್ನಾಗಿ ಬಂದಿತ್ತು. ನಾಲ್ಕು ದಿನ ಬೆಳಗ್ಗೆ ಮಂಜು ಬಿತ್ತು, ಈಗ ಹೂಗೊಂಚಲಿನ ಮೇಲೆ ಬೂದಿ ಎರಚಿದಂತಿದೆ, ಉದುರುತ್ತಿದೆ. ಮಂಜು ಹೂವನ್ನು ಸುಡುತ್ತದೆ ಅಂತಾರೆ ಹೌದಾ?
— ಅಂಕೋಲಾ

ಮಂಜು ಸುಡುವುದಿಲ್ಲ. ಅದು ಬೂದಿ ರೋಗ. ರಾತ್ರಿ ತಂಪು, ಬೆಳಗ್ಗೆ ಗಾಳಿಯಲ್ಲಿ ತೇವ, ಹಗಲು ಬಿಸಿಲು, ಈ ಮೂರೂ ಕೂಡಿದರೆ ಆ ಶಿಲೀಂಧ್ರಕ್ಕೆ ಹಬ್ಬ. ಜೊತೆಗೆ ಜಿಗಿಹುಳವೂ ಬಂದಿದೆಯಾ ನೋಡಿ. ಮರದ ಕೆಳಗಿನ ಎಲೆ ಅಂಟಂಟಾಗಿ ಹೊಳೆಯುತ್ತಿದ್ದರೆ ಬಂದಿದೆ ಅಂತಲೇ.

ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಬೆರೆಸಿ ಸಿಂಪಡಿಸಬಹುದು. ಸಂಜೆ ಹೊತ್ತು ಮಾಡಿ, ಸುಡುಬಿಸಿಲಲ್ಲಿ ಬೇಡ. ಹೂವು ಪೂರ್ತಿ ಅರಳಿದ ಗೊಂಚಲಿಗೆ ಹೊಡೆಯಬೇಡಿ. ಜೇನು, ನೊಣ ಬಂದು ಕೂರುವ ಹೊತ್ತು ಅದು, ಅವು ಬಾರದಿದ್ದರೆ ಕಾಯಿ ಎಲ್ಲಿಂದ? ಮುಂದಿನ ವರ್ಷ ಹೂಗೊಂಚಲು ಮೂಡುವಾಗಲೇ ಒಂದು ಸಲ ಹೊಡೆದರೆ ಇಷ್ಟು ಕಷ್ಟ ಇಲ್ಲ. ಮಳೆಗಾಲ ಮುಗಿದ ಮೇಲೆ ಮರದ ಒಳಗಿನ ಒಣ ಕೊಂಬೆ ಸವರಿ. ಬೆಳಕು-ಗಾಳಿ ಆಡಿದರೆ ಬೆಳಗಿನ ತೇವ ಬೇಗ ಆರುತ್ತದೆ. ಕರಿ ಇಶಾಡಕ್ಕೆ 2023ರಲ್ಲಿ ಜಿಐ ಸಿಕ್ಕಮೇಲೆ ಕೇಳುವವರು ಜಾಸ್ತಿ. ಎರಡೇ ಮರ ಅಂತ ಉದಾಸೀನ ಮಾಡಬೇಡಿ.

ಚಳಿಗೆ ನಮ್ಮ ಕೋಳಿ ಮೊಟ್ಟೆ ಇಡೋದನ್ನೇ ಬಿಟ್ಟಿವೆ. ಗೂಡನ್ನು ರಾತ್ರಿ ಗೋಣಿಯಿಂದ ಪೂರ್ತಿ ಮುಚ್ಚುತ್ತೇವೆ. ಬೆಳಗ್ಗೆ ಒಳಗೆ ಮುಗ್ಗಲು ವಾಸನೆ.
— ಜೋಯಿಡಾ

ಮುಗ್ಗಲು ವಾಸನೆ ಬಂತು ಅಂದರೆ ಗಾಳಿ ಇಲ್ಲ. ಕೋಳಿ ಉಸಿರಲ್ಲೂ ಹಿಕ್ಕೆಯಲ್ಲೂ ನೀರಿದೆ, ಅದು ಹೊರಗೆ ಹೋಗಬೇಕು. ಹಿಮ ಬೀಳುವ ಊರಲ್ಲಿ ಗೂಡು ಬಿಗಿಯಾಗಿ ಮುಚ್ಚಿದರೆ ಈ ತೇವವೇ ಜುಟ್ಟಿಗೆ ಕೂತು ಹೆಪ್ಪುಗಟ್ಟಿ ಜುಟ್ಟು ಕಪ್ಪಾಗುತ್ತದೆ. ಜೋಯಿಡಾದಲ್ಲಿ ಅಷ್ಟಾಗುವುದಿಲ್ಲ, ಶೀತ-ಕೆಮ್ಮು ಮಾತ್ರ ಖಂಡಿತ. ಕೋಳಿ ಕೂರುವ ಮಟ್ಟದಲ್ಲಿ ಗಾಳಿ ನೇರ ಬಡಿಯದಂತೆ ಗೋಣಿ ಕಟ್ಟಿ, ಸೂರಿನ ಹತ್ತಿರ ಒಂದು ಗೇಣು ತೆರೆದೇ ಬಿಡಿ.

ಮೊಟ್ಟೆ ನಿಂತದ್ದಕ್ಕೆ ಚಳಿಗಿಂತ ಬೆಳಕು ಕಾರಣ. ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ ಸುಮಾರು 14 ಗಂಟೆ ಬೆಳಕು ಬೇಕು. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಹನ್ನೊಂದು ಕಾಲು ಗಂಟೆ ಅಷ್ಟೇ, ಕುಲ್ಲುವಿನಲ್ಲಿ ಹತ್ತೇ. ಬೆಳಗಿನ ಜಾವ ಒಂದು ಸಣ್ಣ ಬಲ್ಬ್ ಹಾಕಬಹುದು. ನಾನು ಹಾಕುವುದಿಲ್ಲ. ವರ್ಷಕ್ಕೊಮ್ಮೆ ಅವಕ್ಕೂ ರಜೆ ಇರಲಿ.

ನಿವೃತ್ತಿಯಾಗಿದೆ. ಇಬ್ಬರಿಗೂ ಜೀವನದಲ್ಲಿ ಒಮ್ಮೆ ಹಿಮ ನೋಡುವ ಆಸೆ. ಆದರೆ ಡಿಸೆಂಬರ್-ಜನವರಿ ಅಂದರೆ ಕೊಯ್ಲು, ಸುಲಿತ. ತೋಟ ಬಿಟ್ಟು ಹೋಗುವುದು ಹೇಗೆ?
— ಸಿದ್ದಾಪುರದ ದಂಪತಿ

ಕೊಯ್ಲು ಮುಗಿಸಿ ಮಾರ್ಚ್ ಮೊದಲ ವಾರ ಹೋಗಿ. ಮನಾಲಿ ಪೇಟೆಯಲ್ಲಿ ಆ ಹೊತ್ತಿಗೆ ಹಿಮ ಕರಗುತ್ತಾ ಬಂದಿರುತ್ತದೆ, ಚಿಂತೆ ಇಲ್ಲ. ರೋಹ್ತಾಂಗ್ ಬೆಟ್ಟದಾರಿಯ ಕೆಳಗೆ 9.02 ಕಿಲೋಮೀಟರಿನ ಅಟಲ್ ಸುರಂಗ 2020ರಲ್ಲಿ ತೆರೆದಿದೆ. ಅದನ್ನು ದಾಟಿದರೆ ಲಾಹೌಲ್ ಕಣಿವೆ. ಅಲ್ಲಿ ಸಿಸ್ಸು ಎಂಬ ಹಳ್ಳಿಯ ಕಡೆ ಹಿಮ ಇನ್ನೂ ಇರುತ್ತದೆ. ಮೊದಲೆಲ್ಲ ಚಳಿಗಾಲಪೂರ್ತಿ ಆ ಜನ ಹೊರ ಜಗತ್ತಿನ ಸಂಪರ್ಕವೇ ಇಲ್ಲದೆ ಇರುತ್ತಿದ್ದರು. ಹಿಮ ಜಾಸ್ತಿ ಬಿದ್ದ ದಿನ ಈಗಲೂ ರಸ್ತೆ ಮುಚ್ಚುತ್ತಾರೆ. ಹಾಗಾಗಿ ಕೈಯಲ್ಲಿ ಒಂದೆರಡು ದಿನ ಜಾಸ್ತಿ ಇಟ್ಟುಕೊಳ್ಳಿ. ಊಟಕ್ಕೆ ಸಿಡ್ಡು ಕೇಳಿ. ಗೋಧಿ ಹಿಟ್ಟು ಹುಳಿ ಬರಿಸಿ, ಒಳಗೆ ಹೂರಣ ತುಂಬಿ, ಹಬೆಯಲ್ಲಿ ಬೇಯಿಸಿ, ಮೇಲೆ ತುಪ್ಪ ಸುರಿದು ಕೊಡುತ್ತಾರೆ. ಕಡುಬು ತಿಂದು ಬೆಳೆದವರಿಗೆ ಹಿಡಿಸುತ್ತದೆ.

ಬೂಟು, ದಪ್ಪ ಕೋಟು ಕೊಳ್ಳಲು ಹೋಗಬೇಡಿ, ಮನಾಲಿಯಲ್ಲೇ ಬಾಡಿಗೆಗೆ ಸಿಗುತ್ತವೆ. ಕಾಲುಚೀಲ ಮಾತ್ರ ಉಣ್ಣೆಯದ್ದೇ ಒಯ್ಯಿರಿ. ಹತ್ತಿಯದ್ದು ಒದ್ದೆಯಾದರೆ ಅಲ್ಲಿ ಒಣಗುವುದಿಲ್ಲ. ಒಬ್ಬೊಬ್ಬರಿಗೆ ಇನ್ನೊಂದೊಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಟಿಕೆಟ್ ಮಾಡಿಸುವ ಮೊದಲು ಹಾಲು ಕರೆಯಲು ಒಬ್ಬರನ್ನು ಗೊತ್ತು ಮಾಡಿ. ನಿಮ್ಮ ಹಸು ಬೇರೆಯವರ ಕೈಗೆ ಹಾಲು ಬಿಡುತ್ತದೋ ಇಲ್ಲವೋ ಅಂತ ಫೆಬ್ರವರಿಯಲ್ಲೇ ನೋಡಿಕೊಳ್ಳಿ.